ಗಾಜಿನ ತೊಟ್ಟಿಯೊಳಗೆ ಹವಳ: ಮನೆಯ ಉಪ್ಪುನೀರಿನ ಅಕ್ವೇರಿಯಂ ನಡೆದುಬಂದ ದಾರಿ

ಸಮುದ್ರದ ನೀರನ್ನು ಮನೆಯೊಳಗೆ ತೊಟ್ಟಿಯಲ್ಲಿ ತುಂಬಿ, ಅದರಲ್ಲಿ ಹವಳ, ಅನಿಮೋನ್, ಸಿಗಡಿ, ಮೀನುಗಳನ್ನು ಒಟ್ಟಿಗೆ ಬದುಕಿಸುವ ಹವ್ಯಾಸ ಮೊದಲಾದದ್ದು 19ನೇ ಶತಮಾನದ ನಡುಭಾಗದ ಇಂಗ್ಲೆಂಡಿನಲ್ಲಿ. ದಿಬ್ಬ ಕಟ್ಟುವ ಉಷ್ಣವಲಯದ ಹವಳ ಅಂಥ ತೊಟ್ಟಿಯಲ್ಲಿ ಸಾಯದೆ ಉಳಿದು ಕವಲೊಡೆದು ಬೆಳೆಯುವುದಕ್ಕೆ ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಇಷ್ಟು ವಿಳಂಬಕ್ಕೆ ಉಪಕರಣಗಳ ಕೊರತೆಯೊಂದೇ ಕಾರಣವಲ್ಲ. ತೊಟ್ಟಿಯಲ್ಲಿ ಕಣ್ಣಿಗೆ ಕಾಣುವ ಪ್ರಾಣಿಗಳನ್ನು ಸಾಕಬೇಕಾದರೆ ಕಣ್ಣಿಗೆ ಕಾಣದ ಜೀವಿಗಳನ್ನು ಮೊದಲು ಸಾಕಬೇಕು ಎಂಬ ತಿಳಿವಳಿಕೆ ಬಹಳ ನಿಧಾನವಾಗಿ, ಬಿಡಿಬಿಡಿಯಾಗಿ ಬಂತು. ಈ ಹವ್ಯಾಸದ ಚರಿತ್ರೆಯೆಂದರೆ ಬಹುಮಟ್ಟಿಗೆ ಆ ತಿಳಿವಳಿಕೆಯ ಚರಿತ್ರೆ.

ಸೂಜಿ, ದಾರ ಮತ್ತು ಗಾಳಿ

ಸಿಹಿನೀರಿನ ಮೀನು ಸಾಕುವುದು ಹಳೆಯ ಪದ್ಧತಿ. ಚೀನಾದಲ್ಲಿ ಗೋಲ್ಡ್ ಫಿಶ್ ಸಾಕಣೆಗೆ ಸಾವಿರ ವರ್ಷದ ಇತಿಹಾಸವಿದೆ. ಕಡಲ ಜೀವಿಗಳ ವಿಷಯ ಹಾಗಲ್ಲ. ದಡದಿಂದ ತಂದ ಸಮುದ್ರದ ನೀರು ಪಾತ್ರೆಯಲ್ಲಿ ಒಂದೆರಡು ದಿನ ನಿಂತರೆ ಕೆಟ್ಟು ನಾರುತ್ತಿತ್ತು. ಅದರಲ್ಲಿದ್ದ ಪ್ರಾಣಿಗಳೂ ಸಾಯುತ್ತಿದ್ದವು. ಫ್ರೆಂಚ್ ಸಂಶೋಧಕಿ ಜಾನ್ ವಿಲ್‌ಪ್ರೂ-ಪವರ್ 1832ರ ಹೊತ್ತಿಗೆ ಸಿಸಿಲಿಯ ಮೆಸ್ಸೀನಾದಲ್ಲಿ ಆರ್ಗನಾಟ್ ಎಂಬ ಮೃದ್ವಂಗಿಯನ್ನು ಅಧ್ಯಯನ ಮಾಡಲು ಗಾಜಿನ ತೊಟ್ಟಿಗಳನ್ನು ಮಾಡಿಸಿಕೊಂಡಿದ್ದರು. ಆದರೆ ಅವರ ಕೆಲಸದ ಜಾಗಕ್ಕೆ ಕಡಲು ಹತ್ತಿರದಲ್ಲೇ ಇತ್ತು. ಕಡಲಿಂದ ದೂರದ ಊರಿನಲ್ಲಿ, ಮನೆಯ ಕೋಣೆಯೊಳಗೆ ಸಮುದ್ರದ ನೀರನ್ನು ವರ್ಷಗಟ್ಟಲೆ ಕೆಡದಂತೆ ಇಡುವುದು ಬೇರೆಯದೇ ಸಮಸ್ಯೆ.

ಅದನ್ನು ಮೊದಲು ಬಗೆಹರಿಸಿದವರು ಲಂಡನ್ನಿನ ಆನ್ ಥಿನ್. ಅವರ ಪತಿ ವೆಸ್ಟ್‌ಮಿನ್‌ಸ್ಟರ್ ಆ್ಯಬಿಯಲ್ಲಿ ಪಾದ್ರಿ. 1846ರಲ್ಲಿ ಡೆವನ್ ಕರಾವಳಿಯ ಟಾರ್ಕೀ ಊರಿಗೆ ಹೋಗಿದ್ದಾಗ ಅವರು ಬಂಡೆಗಳಿಗೆ ಅಂಟಿಕೊಂಡಿದ್ದ ಬಟ್ಟಲಿನಾಕಾರದ ಪುಟ್ಟ ಹವಳಗಳನ್ನು ಕಂಡರು. ಅವನ್ನು ಕಲ್ಲಿನ ಜಾಡಿಯಲ್ಲಿ ಹಾಕಿಕೊಂಡು ಲಂಡನ್ನಿಗೆ ತಂದರು. ದಾರಿಯಲ್ಲಿ ಜಾಡಿ ಅಲುಗಿದರೆ ಹವಳಗಳು ಒಂದಕ್ಕೊಂದು ತಾಗಿ ಹಾಳಾಗುತ್ತವೆ. ತಳದಲ್ಲಿ ಒತ್ತಾಗಿ ಬಿದ್ದಿದ್ದರೆ ಎಲ್ಲ ಕಡೆಯಿಂದಲೂ ನೀರು ಸಿಗುವುದಿಲ್ಲ. ಆದ್ದರಿಂದ ಅವರು ಒಂದೊಂದು ಹವಳವನ್ನೂ ಸೂಜಿ ದಾರದಿಂದ ದೊಡ್ಡ ಸ್ಪಂಜಿಗೆ ಹೊಲಿದರು. ಲಂಡನ್ನಿನಲ್ಲಿ ಹೊಸ ಸಮುದ್ರದ ನೀರು ಬೇಕೆಂದಾಗ ಸಿಗುತ್ತಿರಲಿಲ್ಲ. ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮೇಲಿನಿಂದ ಸುರಿಯುವ ಉಪಾಯ ಹೂಡಿದರು. ದಿನವೂ ಅರ್ಧ ಮುಕ್ಕಾಲು ಗಂಟೆ ಹೀಗೆ ನೀರು ಸುರಿಯುವ ಕೆಲಸ ಮನೆಗೆಲಸದವಳ ಪಾಲಿಗೆ ಬಂತು. ಇಂದು ಏರ್ ಪಂಪ್ ಮಾಡುವ ಕೆಲಸವನ್ನು ಅಂದು ಆಕೆಯ ತೋಳುಗಳು ಮಾಡಿದವು.

1847ರಲ್ಲಿ ಥಿನ್ ತೊಟ್ಟಿಗೆ ಕಡಲ ಪಾಚಿಯನ್ನೂ ಸೇರಿಸಿದರು. ಪಾಚಿ ಬೆಳಕಿನಲ್ಲಿ ಆಮ್ಲಜನಕ ಬಿಡುತ್ತದೆ. ಪ್ರಾಣಿಗಳು ಬಿಡುವ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ. ಹವಳಗಳು ಸುಮಾರು ಮೂರು ವರ್ಷ ಬದುಕಿ ಮರಿ ಮಾಡಿದವು. ಆದರೆ ಈ ವಿವರಗಳು ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾದದ್ದು 1859ರಲ್ಲಿ. ಅಷ್ಟರಲ್ಲಿ ಕೀರ್ತಿ ಬೇರೆಯವರ ಪಾಲಾಗಿತ್ತು.

ವಿಕ್ಟೋರಿಯಾ ಕಾಲದ ಹುಚ್ಚು

ಸಸ್ಯ ಮತ್ತು ಪ್ರಾಣಿಗಳ ಈ ಸಮತೋಲನವನ್ನು ರಸಾಯನಶಾಸ್ತ್ರದ ನಿಯಮವಾಗಿ ಮಂಡಿಸಿದವರು ಲಂಡನ್ನಿನ ರಾಬರ್ಟ್ ವಾರಿಂಗ್ಟನ್. ಗೋಲ್ಡ್ ಫಿಶ್, ವ್ಯಾಲಿಸ್ನೇರಿಯಾ ಗಿಡ, ಬಸವನಹುಳು ಮೂರನ್ನೂ ಒಂದೇ ತೊಟ್ಟಿಯಲ್ಲಿಟ್ಟರೆ ನೀರು ಬದಲಾಯಿಸದೆಯೂ ಅವು ಬದುಕುತ್ತವೆ ಎಂದು 1850ರಲ್ಲಿ ಅವರು ಪ್ರಕಟಿಸಿದರು. ಗಿಡದ ಕೊಳೆತ ಎಲೆಗಳನ್ನು ತಿಂದು ನೀರನ್ನು ಶುಚಿಯಾಗಿಡುವ ಕೆಲಸ ಬಸವನಹುಳುವಿನದು. ಎರಡು ವರ್ಷದ ಬಳಿಕ ಅವರು ಇದೇ ಪ್ರಯೋಗವನ್ನು ಸಮುದ್ರದ ನೀರಿನಲ್ಲಿ ಮಾಡತೊಡಗಿದರು.

ಈ ವಿದ್ಯೆಯನ್ನು ಜನಪ್ರಿಯಗೊಳಿಸಿದವರು ಪ್ರಕೃತಿ ವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್. 1853ರ ಮೇ ತಿಂಗಳಲ್ಲಿ ಲಂಡನ್ ಮೃಗಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಅದಕ್ಕೆ ಡೆವನ್ ಕರಾವಳಿಯ ಜೀವಿಗಳನ್ನು ಒದಗಿಸಿದವರಲ್ಲಿ ಗಾಸ್ ಮುಖ್ಯರು. ಮರುವರ್ಷ ಅವರ ‘ದಿ ಅಕ್ವೇರಿಯಂ’ ಪುಸ್ತಕ ಬಂತು. ತೊಟ್ಟಿಗೆ ಆ ಹೆಸರು ನಿಂತದ್ದೂ ಅದರಿಂದಲೇ. ಗಾಜಿನ ಮೇಲಿನ ತೆರಿಗೆ 1845ರಲ್ಲಿ ರದ್ದಾಗಿ ಗಾಜು ಅಗ್ಗವಾಗಿತ್ತು. ರೈಲು ಬಂದು ಕಡಲತೀರ ಮಧ್ಯಮ ವರ್ಗದವರ ಕೈಗೆಟುಕಿತ್ತು. ಬಕೆಟ್ಟು, ಉಳಿ, ಸುತ್ತಿಗೆ ಹಿಡಿದ ಜನ ಇಳಿತದ ಹೊತ್ತಿಗೆ ಬಂಡೆಗಳ ಮೇಲೆ ಮುಗಿಬಿದ್ದರು. ಡಬ್ಲ್ಯು. ಆಲ್ಫರ್ಡ್ ಲಾಯ್ಡ್ ಎಂಬ ವ್ಯಾಪಾರಿ 1850ರ ದಶಕದಲ್ಲಿ ಲಂಡನ್ನಿನ ಪೋರ್ಟ್‌ಲೆಂಡ್ ರಸ್ತೆಯಲ್ಲಿ ತೊಟ್ಟಿ, ಅನಿಮೋನ್, ಸಮುದ್ರದ ನೀರು ಎಲ್ಲವನ್ನೂ ಮಾರುವ ಅಂಗಡಿ ನಡೆಸಿದರು.

ಕಡಲಿಂದ ನೀರು ತರಿಸಲಾಗದವರಿಗೆ ಗಾಸ್ ಕೃತಕ ಸಮುದ್ರದ ನೀರಿನ ಸೂತ್ರ ಕೊಟ್ಟರು. ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಶಿಯಂ ಕ್ಲೋರೈಡ್, ಪೊಟ್ಯಾಶಿಯಂ ಕ್ಲೋರೈಡ್ ಈ ನಾಲ್ಕನ್ನು ಸಿಹಿನೀರಿಗೆ ಬೆರೆಸಿದರೆ ಸಾಕೆಂದು ಅವರು ಬರೆದರು. ಕಡಲ ನೀರಿನಲ್ಲಿ ಕ್ಯಾಲ್ಸಿಯಂ ಲವಣಗಳ ಪ್ರಮಾಣ ಕಡಿಮೆ ಎಂದು ಅವನ್ನು ಕೈಬಿಟ್ಟಿದ್ದರು. ಅನಿಮೋನ್ ಮತ್ತು ಪಾಚಿಗೆ ಅದರಿಂದ ತಕ್ಷಣ ತೊಂದರೆಯಾಗಲಿಲ್ಲ. ಆದರೆ ಹವಳ ತನ್ನ ಅಸ್ಥಿಪಂಜರವನ್ನು ಕಟ್ಟುವುದೇ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ಒಂದು ಲೀಟರ್ ಸಮುದ್ರದ ನೀರಿನಲ್ಲಿರುವ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ ಎಷ್ಟು ಮುಖ್ಯ ಎಂಬುದು ಮುಂದಿನ ಶತಮಾನದಲ್ಲಿ ಮನದಟ್ಟಾಯಿತು.

1860ರ ದಶಕ ಮುಗಿಯುವ ಹೊತ್ತಿಗೆ ಮನೆಮನೆಯ ಉತ್ಸಾಹ ಇಳಿಯಿತು. ಹೆಚ್ಚಿನ ತೊಟ್ಟಿಗಳು ಕೆಲವೇ ವಾರಗಳಲ್ಲಿ ಕೊಳೆತಿದ್ದವು. ಇನ್ನೊಂದೆಡೆ ಕರಾವಳಿಯ ಬಂಡೆಗುಂಡಿಗಳು ಬರಿದಾಗಿದ್ದವು. ಫಿಲಿಪ್ ಗಾಸ್ ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ‘ಫಾದರ್ ಆ್ಯಂಡ್ ಸನ್’ ಎಂಬ ಆತ್ಮಕಥೆಯಲ್ಲಿ, ತಂದೆಯ ಪುಸ್ತಕಗಳನ್ನು ಓದಿ ಬಂದ ಸಂಗ್ರಾಹಕರ ದಂಡು ಆ ತೀರವನ್ನು ಹೇಗೆ ಲೂಟಿ ಮಾಡಿತು ಎಂಬುದನ್ನು ನೋವಿನಿಂದ ದಾಖಲಿಸಿದ್ದಾರೆ. ಕಡಲ ಪ್ರೀತಿಯಿಂದ ಹುಟ್ಟಿದ ಹವ್ಯಾಸವೇ ಕಡಲಿಗೆ ಹಾನಿ ಮಾಡಬಲ್ಲದು ಎಂಬುದಕ್ಕೆ ಅದು ಮೊದಲ ಸಾಕ್ಷಿ.

ಮುಂದಿನ ಕೆಲವು ದಶಕಗಳಲ್ಲಿ ಸಮುದ್ರದ ಅಕ್ವೇರಿಯಂ ದೊಡ್ಡ ಸಂಸ್ಥೆಗಳ ಆಸ್ತಿಯಾಯಿತು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಅಕ್ವೇರಿಯಮ್ಮಿನಲ್ಲಿ ಲಾಯ್ಡ್ ಪ್ರದರ್ಶನ ತೊಟ್ಟಿಗಳಿಗಿಂತ ಹಲವು ಪಾಲು ದೊಡ್ಡದಾದ ಕತ್ತಲೆ ಸಂಪನ್ನು ನೆಲದಡಿ ಕಟ್ಟಿಸಿ, ನೀರು ಅದರ ಮೂಲಕ ಸದಾ ಸುತ್ತುವಂತೆ ಮಾಡಿದರು. ನೀರಿನ ಒಟ್ಟು ಮೊತ್ತ ಹೆಚ್ಚಿದಷ್ಟೂ ಏರುಪೇರು ಕಡಿಮೆ ಎಂಬ ಅವರ ತತ್ತ್ವ ಇಂದಿಗೂ ಮನೆಯ ತೊಟ್ಟಿಗಳ ಕೆಳಗಿನ ಸಂಪಿನಲ್ಲಿ ಉಳಿದುಕೊಂಡಿದೆ. ಆಂಟನ್ ಡೋರ್ನ್ 1870ರ ದಶಕದಲ್ಲಿ ನೇಪಲ್ಸಿನಲ್ಲಿ ಸ್ಥಾಪಿಸಿದ ಪ್ರಾಣಿಶಾಸ್ತ್ರ ಕೇಂದ್ರ ಅಕ್ವೇರಿಯಮ್ಮನ್ನು ಸಂಶೋಧನೆಯ ಸಾಧನವಾಗಿಸಿತು. ಭಾರತದಲ್ಲಿ 1909ರಲ್ಲಿ ಮದ್ರಾಸಿನ ಮರೀನಾ ತೀರದಲ್ಲಿ, 1951ರಲ್ಲಿ ಬೊಂಬಾಯಿಯ ತಾರಾಪೋರ್‌ವಾಲಾ ಕಟ್ಟಡದಲ್ಲಿ ಸಾರ್ವಜನಿಕ ಅಕ್ವೇರಿಯಂಗಳು ತೆರೆದವು.

ಕಾಣದ ಜೀವಿಗಳ ಪತ್ತೆ

ಮನೆಯ ತೊಟ್ಟಿ ಕೊಳೆಯಲು ಕಾರಣವೇನು ಎಂಬ ಪ್ರಶ್ನೆಗೆ ಉತ್ತರ ಅಕ್ವೇರಿಯಂ ಲೋಕದ ಹೊರಗೆ ಸಿಕ್ಕಿತು. ಚರಂಡಿ ನೀರು ಮಣ್ಣಿನಲ್ಲಿ ಇಳಿದಾಗ ಅದರ ಅಮೋನಿಯಾ ನೈಟ್ರೇಟ್ ಆಗುವುದಕ್ಕೆ ಸೂಕ್ಷ್ಮಜೀವಿಗಳು ಕಾರಣವೆಂದು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ 1877ರಲ್ಲಿ ತೋರಿಸಿದರು. ಸೂಕ್ಷ್ಮಜೀವಿ ವಿಜ್ಞಾನಿ ವಿನೊಗ್ರಾಡ್ಸ್ಕಿ 1890ರ ಸುಮಾರಿಗೆ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದರು. ಪ್ರಾಣಿಗಳ ಮಲಮೂತ್ರ, ಉಳಿದ ಆಹಾರ ಕೊಳೆತಾಗ ಹುಟ್ಟುವ ಅಮೋನಿಯಾ ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ಕೆಲವು ವಾರ ಬೇಕು. ಅಷ್ಟರೊಳಗೆ ಪ್ರಾಣಿ ತುಂಬಿಸಿದರೆ ಸಾವು ಖಚಿತ. ವಿಕ್ಟೋರಿಯಾ ಕಾಲದ ತೊಟ್ಟಿಗಳು ಇದಕ್ಕೇ ಬಲಿಯಾದವು. ಈ ಜ್ಞಾನ ಹವ್ಯಾಸಿಗಳ ದಿನನಿತ್ಯದ ಮಾತಾದದ್ದು 20ನೇ ಶತಮಾನದ ಎರಡನೇ ಭಾಗದಲ್ಲಿ.

ಎರಡನೆಯ ಪತ್ತೆ ಹವಳದ ದೇಹದೊಳಗಿನದು. ಆನ್ ಥಿನ್ ಸಾಕಿದ್ದು ತಣ್ಣೀರಿನ ಒಂಟಿ ಹವಳ; ಆಹಾರ ಹಿಡಿದು ತಿಂದು ಬದುಕುವಂಥದ್ದು. ಉಷ್ಣವಲಯದಲ್ಲಿ ದಿಬ್ಬ ಕಟ್ಟುವ ಹವಳಗಳ ಅಂಗಾಂಶದಲ್ಲಿ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿಗಳು ನೆಲೆಸಿರುತ್ತವೆ. ಜರ್ಮನಿಯ ಕಾರ್ಲ್ ಬ್ರಾಂಟ್ 1881ರಲ್ಲೇ ಇವುಗಳಿಗೆ ಹೆಸರಿಟ್ಟಿದ್ದರು. ಮಾರಿಸ್ ಯಂಗ್ ನೇತೃತ್ವದಲ್ಲಿ 1928-29ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೋದ ತಂಡ ಹವಳಗಳ ಆಹಾರ ಕ್ರಮವನ್ನು ಸ್ಥಳದಲ್ಲೇ ಅಭ್ಯಸಿಸಿತು. ಪಾಚಿ ತಯಾರಿಸಿದ ಆಹಾರ ಆಶ್ರಯದಾತನ ಮೈಗೆ ಸೇರುತ್ತದೆಂದು ವಿಕಿರಣಶೀಲ ಇಂಗಾಲದ ಸಹಾಯದಿಂದ ಲೆನರ್ಡ್ ಮಸ್ಕಟೀನ್ ಮತ್ತು ಸಂಗಡಿಗರು 1958ರಲ್ಲಿ ಅನಿಮೋನಿನಲ್ಲಿ, 1969ರಲ್ಲಿ ಹವಳದಲ್ಲಿ ತೋರಿಸಿದರು. ಹಾಗೆಂದಮೇಲೆ ಕೋಣೆಯ ಮಂದ ಬೆಳಕಿನಲ್ಲಿ ಹವಳ ಯಾಕೆ ಬಡವಾಗಿ ಬಿಳಿಚಿ ಸಾಯುತ್ತದೆ ಎಂಬುದು ಸ್ಪಷ್ಟವಾಯಿತು. ಬೆಳಕು ಅದಕ್ಕೆ ಅಲಂಕಾರವಲ್ಲ, ಅನ್ನ.

ಬಿಳಿ ಅಸ್ಥಿಪಂಜರಗಳ ಕಾಲ

ಎರಡನೇ ಮಹಾಯುದ್ಧದ ನಂತರ ವಿಮಾನ ಸಾಗಣೆ ಮತ್ತು ಆಮ್ಲಜನಕ ತುಂಬಿದ ಪಾಲಿಥೀನ್ ಚೀಲ ಸೇರಿ ಉಷ್ಣವಲಯದ ಮೀನುಗಳನ್ನು ಅಮೆರಿಕ, ಯುರೋಪಿನ ಅಂಗಡಿಗಳಿಗೆ ಮುಟ್ಟಿಸಿದವು. ಲೋಹದ ಚೌಕಟ್ಟಿನ ತೊಟ್ಟಿ ಉಪ್ಪುನೀರಿಗೆ ತುಕ್ಕು ಹಿಡಿಯುತ್ತಿತ್ತು. ಕರಗಿದ ಲೋಹ ಪ್ರಾಣಿಗಳಿಗೆ ವಿಷವಾಗುತ್ತಿತ್ತು. 1960ರ ದಶಕದಲ್ಲಿ ಸಿಲಿಕೋನ್ ಅಂಟಿನಿಂದ ಬರೀ ಗಾಜುಗಳನ್ನೇ ಜೋಡಿಸುವ ವಿಧಾನ ಬಂದು ಆ ತೊಂದರೆ ನಿಂತಿತು. ಇನ್‌ಸ್ಟಂಟ್ ಓಷನ್‌ನಂಥ ಸಿದ್ಧ ಉಪ್ಪಿನ ಮಿಶ್ರಣ ಅದೇ ದಶಕದಲ್ಲಿ ಮಾರುಕಟ್ಟೆಗೆ ಬಂತು. ಗಾಸ್ ಕೈಬಿಟ್ಟಿದ್ದ ಕ್ಯಾಲ್ಸಿಯಂ ಇಂಥ ಮಿಶ್ರಣಗಳಲ್ಲಿ ಸೇರಿತ್ತು.

ರಾಬರ್ಟ್ ಸ್ಟ್ರಾಗನ್ ಮುಂತಾದ ಅಮೆರಿಕದ ಬರಹಗಾರರು ಜಲ್ಲಿಯಡಿಯ ಫಿಲ್ಟರನ್ನು ಉಪ್ಪುನೀರಿನ ತೊಟ್ಟಿಗಳಲ್ಲಿ ಪ್ರಚಾರಕ್ಕೆ ತಂದರು. ತೂತಿನ ಹಲಗೆಯ ಮೇಲೆ ಚಿಪ್ಪಿನ ಜಲ್ಲಿ ಹರಡಿ, ಗಾಳಿಗುಳ್ಳೆಗಳ ಬಲದಿಂದ ನೀರು ಜಲ್ಲಿಯ ಮೂಲಕ ಇಳಿಯುವಂತೆ ಮಾಡಿದರೆ ಬ್ಯಾಕ್ಟೀರಿಯಾಗಳು ಅಲ್ಲಿ ನೆಲೆಯೂರುತ್ತಿದ್ದವು. ಮೀನುಗಳು ಬದುಕಿದವು, ಹವಳ ಬದುಕಲಿಲ್ಲ. ನೈಟ್ರೇಟ್ ಏರುತ್ತಿತ್ತು, ಬೆಳಕು ಸಾಲುತ್ತಿರಲಿಲ್ಲ. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧ ಬೆನ್ನೆಲುಬಿಲ್ಲದ ಜೀವಿಗಳನ್ನೆಲ್ಲ ಕೊಲ್ಲುತ್ತಿತ್ತು. ಆಗಿನ ತೊಟ್ಟಿಗಳ ಅಲಂಕಾರವೆಂದರೆ ಸತ್ತ ಹವಳದ ಬಿಳಿ ಅಸ್ಥಿಪಂಜರ. ಅದರ ಮೇಲೆ ಪಾಚಿ ಕಟ್ಟಿದಾಗಲೆಲ್ಲ ತೆಗೆದು ಬ್ಲೀಚಿನಲ್ಲಿ ನೆನೆಸಿ, ತೊಳೆದು, ಒಣಗಿಸಿ ಮತ್ತೆ ಇಡುತ್ತಿದ್ದರು. ಶುಚಿಯೇ ಆರೋಗ್ಯ ಎಂಬ ನಂಬಿಕೆ ಗಟ್ಟಿಯಾಗಿತ್ತು.

ಜಕಾರ್ತದಿಂದ ಬರ್ಲಿನ್‌ಗೆ

ಆ ನಂಬಿಕೆಗೆ ವಿರುದ್ಧವಾದ ದಾರಿ ಇಂಡೋನೇಷ್ಯಾದ ಜಕಾರ್ತದಿಂದ ಬಂತು. ಅಲ್ಲಿನ ಲೀ ಚಿನ್ ಎಂಗ್ 1961ರಲ್ಲಿ ಅಮೆರಿಕದ ಮೀನು ಸಾಕಣೆಯ ಪತ್ರಿಕೆಯೊಂದರಲ್ಲಿ ತಮ್ಮ ವಿಧಾನವನ್ನು ವಿವರಿಸಿದರು. ಅವರ ತೊಟ್ಟಿಯಲ್ಲಿ ಫಿಲ್ಟರ್ ಇರಲಿಲ್ಲ. ಸಮುದ್ರದ ನೀರು, ದಿಬ್ಬದಿಂದ ತಂದ ಬಂಡೆಗಳು, ಬಿಸಿಲು ಮತ್ತು ನೀರನ್ನು ಅಲುಗಿಸುವಷ್ಟು ಗಾಳಿಗುಳ್ಳೆ ಮಾತ್ರ. ಲೈವ್ ರಾಕ್ ಎಂದು ಕರೆಯುವ ಈ ಬಂಡೆ ಹಳೆಯ ಹವಳದ ರಂಧ್ರಮಯ ತುಂಡು. ಅದರ ಮೇಲೆ ಸುಣ್ಣದ ಪೊರೆ ಕಟ್ಟುವ ಗುಲಾಬಿ ಪಾಚಿ, ಸ್ಪಂಜು, ಹುಳು, ಸಣ್ಣ ಸಿಗಡಿ ಜಾತಿಯ ಜೀವಿಗಳು ಇರುತ್ತವೆ. ಹೊರಮೈಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆ. ಆಮ್ಲಜನಕ ತಲುಪದ ಒಳಭಾಗದ ಬ್ಯಾಕ್ಟೀರಿಯಾ ಆ ನೈಟ್ರೇಟನ್ನು ಸಾರಜನಕದ ಅನಿಲವಾಗಿ ಬಿಡುಗಡೆ ಮಾಡುತ್ತದೆ. ಜಲ್ಲಿಯ ಫಿಲ್ಟರಿಗೆ ಆಗದ ಕೊನೆಯ ಹಂತವನ್ನು ಬಂಡೆ ತಾನೇ ಪೂರೈಸುತ್ತಿತ್ತು. ಚಳಿದೇಶಗಳ ಕತ್ತಲೆ ಕೋಣೆಗಳಲ್ಲಿ ಇದನ್ನು ಅನುಕರಿಸಿದ ಹಲವರು ಸೋತರು; ಜಕಾರ್ತದ ಬಿಸಿಲು ಅವರಲ್ಲಿರಲಿಲ್ಲ. ಆದರೂ ಇಂದಿನ ಮನೆಯ ಹವಳ ತೊಟ್ಟಿಯ ಮೂಲ ಇದೇ. ಅದೇ ಕಾಲದಲ್ಲಿ ನ್ಯೂ ಕ್ಯಾಲೆಡೋನಿಯಾದ ನೂಮಿಯಾದಲ್ಲಿ ರೆನೆ ಕತಾಲಾ 1956ರಲ್ಲಿ ತೆರೆದ ಅಕ್ವೇರಿಯಂ, ಹರಿಯುವ ಕಡಲ ನೀರಿನಲ್ಲಿ ಜೀವಂತ ಹವಳಗಳನ್ನು ಸಾರ್ವಜನಿಕರಿಗೆ ತೋರಿಸುತ್ತಿತ್ತು.

ಬಿಸಿಲಿಲ್ಲದ ಊರಿನಲ್ಲಿ ಇದನ್ನು ಸಾಧಿಸಿದವರು ಜರ್ಮನ್ ಭಾಷಿಕ ಹವ್ಯಾಸಿಗಳು. 1960ರ ದಶಕದಲ್ಲಿ ಜರ್ಮನಿಯಲ್ಲಿ ಪ್ರೋಟೀನ್ ಸ್ಕಿಮ್ಮರ್ ಬಳಕೆಗೆ ಬಂತು. ಕೊಳವೆಯೊಂದರಲ್ಲಿ ಅತಿ ಸಣ್ಣ ಗಾಳಿಗುಳ್ಳೆಗಳನ್ನು ನೀರಿನೊಂದಿಗೆ ಬೆರೆಸಿದಾಗ ಕರಗಿದ ಜೈವಿಕ ಕಶ್ಮಲ ಗುಳ್ಳೆಗಳ ಮೈಗೆ ಅಂಟಿ ನೊರೆಯಾಗಿ ಏರಿ, ಮೇಲಿನ ಬಟ್ಟಲಿನಲ್ಲಿ ಕಂದು ಬಣ್ಣದ ದುರ್ವಾಸನೆಯ ದ್ರವವಾಗಿ ಕೂಡುತ್ತದೆ. ಕಶ್ಮಲ ಕೊಳೆತು ಅಮೋನಿಯಾ ಆಗುವ ಮೊದಲೇ ತೊಟ್ಟಿಯಿಂದ ಹೊರಗೆ ಹೋಗುತ್ತದೆ.

ಸ್ವಿಟ್ಜರ್ಲೆಂಡಿನ ಪೀಟರ್ ವಿಲ್ಕೆನ್ಸ್ 1973ರಲ್ಲಿ ಪ್ರಕಟಿಸಿದ ಪುಸ್ತಕ ಬೆನ್ನೆಲುಬಿಲ್ಲದ ಕಡಲ ಜೀವಿಗಳ ಸಾಕಣೆಗೆ ಕೈಪಿಡಿಯಾಯಿತು. ಅವರು ಬಳಕೆಗೆ ತಂದ ಉಪಾಯ ಸುಣ್ಣದ ತಿಳಿನೀರು. ಎಲೆಯಡಿಕೆಗೆ ಹಚ್ಚುವ ಅದೇ ಸುಣ್ಣವನ್ನು ಶುದ್ಧ ರೂಪದಲ್ಲಿ ನೀರಿನಲ್ಲಿ ಕದಡಿ, ಗಸಿ ಕೆಳಗಿಳಿದ ಮೇಲೆ ಮೇಲಿನ ತಿಳಿಯನ್ನು ಹನಿಹನಿಯಾಗಿ ತೊಟ್ಟಿಗೆ ಬಿಡುವುದು ಕ್ರಮ. ಹವಳ ಬಳಸಿಕೊಂಡ ಕ್ಯಾಲ್ಸಿಯಂ ಹೀಗೆ ಮರಳಿ ದೊರೆಯುತ್ತದೆ. ನೀರಿನ ಕ್ಷಾರಗುಣವೂ ಉಳಿಯುತ್ತದೆ. ಸುಣ್ಣದ ನೀರು ತೀಕ್ಷ್ಣವಾದ ಕ್ಷಾರವಾದ್ದರಿಂದ ಒಮ್ಮೆಗೇ ಸುರಿದರೆ ಪ್ರಾಣಿಗಳು ಸಾಯುತ್ತವೆ.

ಲೈವ್ ರಾಕ್, ಸ್ಕಿಮ್ಮರ್, ಸುಣ್ಣದ ನೀರು, ಜೊತೆಗೆ ಪ್ರಖರ ಮೆಟಲ್ ಹೇಲೈಡ್ ದೀಪ ಸೇರಿ ಬರ್ಲಿನ್ ವಿಧಾನ ಎನಿಸಿಕೊಂಡವು. ಬರ್ಲಿನ್ನಿನ ಡೀಟ್ರಿಶ್ ಸ್ಟ್ಯೂಬರ್ ಈ ಕ್ರಮದಲ್ಲಿ ಕವಲುಕವಲಾದ ಆಕ್ರೊಪೊರಾ ಹವಳವನ್ನು ಬೆಳೆಸಿ, ಅದರ ತುಂಡುಗಳನ್ನು ಬೇರೆ ಹವ್ಯಾಸಿಗಳಿಗೆ ಹಂಚಿದರು. ಕೈಯಿಂದ ಕೈಗೆ ದಾಟಿದ ಆ ತುಂಡುಗಳು ಯುರೋಪ್, ಅಮೆರಿಕಗಳ ತೊಟ್ಟಿಗಳಲ್ಲಿ ಬೆಳೆದವು. ಆ ಹವಳವನ್ನು ಇಂದಿಗೂ ಸ್ಟ್ಯೂಬರರ ಹೆಸರಿನಲ್ಲೇ ಕರೆಯುತ್ತಾರೆ. ಕೊಂಬೆ ಮುರಿದು ನೆಟ್ಟರೆ ಹವಳ ಮತ್ತೊಂದು ಹವಳವಾಗುತ್ತದೆ ಎಂಬುದು ಮನೆಮನೆಯಲ್ಲಿ ಸಾಬೀತಾಯಿತು. ಇಡೀ ಚರಿತ್ರೆಯ ತಿರುವು ಇದು; ಹವಳ ಬೇಕೆಂದರೆ ದಿಬ್ಬದಿಂದ ಕೀಳಬೇಕು ಎಂಬ ಅನಿವಾರ್ಯತೆ ಇಲ್ಲಿಂದ ಮುಂದೆ ಉಳಿಯಲಿಲ್ಲ.

1980ರ ದಶಕದಲ್ಲಿ ಬೇರೆ ದಾರಿಗಳೂ ತೆರೆದುಕೊಂಡವು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ವಾಲ್ಟರ್ ಏಡಿ ಪಾಚಿಯ ಹಾಸಿನಿಂದಲೇ ನೀರು ಶುದ್ಧಿಮಾಡುವ ದಿಬ್ಬದ ತೊಟ್ಟಿ ನಡೆಸಿದರು. ಮೊನಾಕೊದಲ್ಲಿ ಜಾನ್ ಜೋಬೇರ್ ದಪ್ಪ ಮರಳಿನ ಹಾಸಿನಡಿ ನೀರಿನ ತೆರಪು ಬಿಟ್ಟು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ನೈಟ್ರೇಟ್ ಕಳೆಯುವ ಕ್ರಮ ರೂಪಿಸಿದರು. 1986ರಲ್ಲಿ ಜಾರ್ಜ್ ಸ್ಮಿಟ್ ಬರೆದ ಲೇಖನಮಾಲೆಯಿಂದ ಡಚ್ ಹವ್ಯಾಸಿಗಳ ಮಾದರಿಯ ಹವಳ ತೊಟ್ಟಿಯಾದ ಮಿನಿ ರೀಫ್ ಅಮೆರಿಕದಲ್ಲಿ ಮನೆಮಾತಾಯಿತು. ಜೂಲಿಯನ್ ಸ್ಪ್ರಂಗ್ ಮತ್ತು ಚಾರ್ಲ್ಸ್ ಡೆಲ್‌ಬೀಕ್ 1994ರಲ್ಲಿ ಹೊರತಂದ ‘ದಿ ರೀಫ್ ಅಕ್ವೇರಿಯಂ’ ಈ ಎಲ್ಲ ಪದ್ಧತಿಗಳನ್ನು ಒಂದೆಡೆ ಸೇರಿಸಿತು.

ಚಿಕ್ಕ ತೊಟ್ಟಿ, ದೊಡ್ಡ ಹೊಣೆ

ಹೊಸ ಶತಮಾನದ ಆರಂಭದಲ್ಲಿ ಮೇಜಿನ ಮೇಲೆ ಕೂರುವಷ್ಟು ಚಿಕ್ಕ ನ್ಯಾನೊ ತೊಟ್ಟಿಗಳು ಜನಪ್ರಿಯವಾದವು. ಬಿಸಿ ಕಡಿಮೆ ಸೂಸುವ ಎಲ್‌ಇಡಿ ದೀಪಗಳು ಅವಕ್ಕೆ ಅನುಕೂಲವಾದವು. ಆದರೆ ಚಿಕ್ಕದೆಂದರೆ ಸುಲಭವಲ್ಲ. ಉಪ್ಪಿನಂಶ ಸಾವಿರಕ್ಕೆ 35 ಭಾಗವಿರುವ 40 ಲೀಟರ್ ತೊಟ್ಟಿಯಲ್ಲಿ ಒಂದು ಲೀಟರ್ ನೀರು ಆವಿಯಾದರೆ ಅದು ಸುಮಾರು 35.9ಕ್ಕೆ ಏರುತ್ತದೆ. 400 ಲೀಟರ್ ತೊಟ್ಟಿಯಲ್ಲಿ ಅಷ್ಟೇ ನೀರು ಹೋದರೆ ಏರಿಕೆ 0.1ಕ್ಕಿಂತ ಕಡಿಮೆ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ದಿನವೂ ಆರ್‌ಒ ಸಿಹಿನೀರನ್ನೇ ತುಂಬಿಸಬೇಕು. ಉಷ್ಣತೆ 25-26 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನಿಲ್ಲಬೇಕು. ವಾರಕ್ಕೊಮ್ಮೆ ಸ್ವಲ್ಪ ಭಾಗ ಹೊಸ ಉಪ್ಪುನೀರು ಹಾಕಬೇಕು.

ಹವ್ಯಾಸ ಬೆಳೆದಂತೆ ಕಡಲಿನ ಮೇಲಿನ ಒತ್ತಡವೂ ಬೆಳೆಯಿತು. ಫಿಲಿಪೀನ್ಸಿನಲ್ಲಿ 1960ರ ದಶಕದಿಂದ ಸಯನೈಡ್ ಚಿಮುಕಿಸಿ ಮೀನುಗಳಿಗೆ ಮಂಪರು ಬರಿಸಿ ಹಿಡಿಯುವ ರೂಢಿ ಹಬ್ಬಿತು. ಅದರಿಂದ ಮೀನಿನ ಜೊತೆ ಸುತ್ತಲಿನ ಹವಳವೂ ಸಾಯುತ್ತದೆ. 1990ರ ವೇಳೆಗೆ ಗಟ್ಟಿ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರ, ಅಳಿವಿನಂಚಿನ ಜೀವಿಗಳ ವಹಿವಾಟನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಬಂತು. ಇದರ ಜೊತೆಗೇ ಸಾಕಣೆಯೂ ಬೆಳೆಯಿತು. ಫ್ಲಾರಿಡಾದಲ್ಲಿ ಮಾರ್ಟಿನ್ ಮೋ 1970ರ ದಶಕದ ಆರಂಭದಲ್ಲಿ ಕ್ಲೌನ್ ಮೀನನ್ನು ವಾಣಿಜ್ಯ ಪ್ರಮಾಣದಲ್ಲಿ ಮರಿ ಮಾಡಿಸಿದರು. ತೊಟ್ಟಿಗಳಲ್ಲಿ ಕಲಿತ ವಿದ್ಯೆ ಕಡಲಿಗೂ ಮರಳುತ್ತಿದೆ. ಚಂದ್ರನ ಬೆಳಕು, ಋತುಮಾನದ ಉಷ್ಣತೆಗಳನ್ನು ಕೃತಕವಾಗಿ ಅನುಕರಿಸಿ ಆಕ್ರೊಪೊರಾ ಹವಳ ಮುಚ್ಚಿದ ತೊಟ್ಟಿಯಲ್ಲಿ ಮೊಟ್ಟೆ ಬಿಡುವಂತೆ ಮಾಡಿದ ವಿಧಾನವನ್ನು ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದ ತಂಡ 2017ರಲ್ಲಿ ಪ್ರಕಟಿಸಿತು. ರೋಗ ಮತ್ತು ಬಿಸಿಯೇರಿಕೆಗೆ ಸಿಕ್ಕ ಫ್ಲಾರಿಡಾದ ದಿಬ್ಬಗಳಿಂದ ತಂದ ಹವಳಗಳನ್ನು ಇಂಥ ತೊಟ್ಟಿಗಳಲ್ಲಿ ಕಾಪಾಡಿ ವಂಶ ಉಳಿಸಲಾಗುತ್ತಿದೆ.

ಭಾರತದಲ್ಲಿ ಈ ಹವ್ಯಾಸಕ್ಕೆ ಕಾನೂನಿನ ಗಡಿ ಸ್ಪಷ್ಟವಾಗಿದೆ. ದಿಬ್ಬ ಕಟ್ಟುವ ಹವಳ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ, ಕಡಲ್ಗುದುರೆಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿ ಇರುವ ಪಟ್ಟಿಗೇ ಸೇರಿಸಲಾಯಿತು. ಮನ್ನಾರ್ ಕೊಲ್ಲಿ, ಕಛ್, ಲಕ್ಷದ್ವೀಪ, ಅಂಡಮಾನ್‌ಗಳ ದಿಬ್ಬಗಳಿಂದ ಆಗಲಿ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲಿನ ಹವಳಗಳಿಂದ ಆಗಲಿ ತುಂಡನ್ನು ಕಿತ್ತು ತರುವುದು ಅಪರಾಧ. ಸತ್ತ ಹವಳದ ತುಂಡೂ ಇದಕ್ಕೆ ಹೊರತಲ್ಲ. ಮೀನಿನ ಮಟ್ಟಿಗೆ ದಾರಿ ತೆರೆದಿದೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ತನ್ನ ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮೀನುಗಳನ್ನು ಮರಿ ಮಾಡಿಸುವ ತಂತ್ರವನ್ನು ರೂಪಿಸಿದೆ. ಸಾಕಣೆಯಲ್ಲೇ ಹುಟ್ಟಿದ ಮೀನು, ಪ್ಯಾಕೆಟ್ ಉಪ್ಪಿನಿಂದ ಮಾಡಿದ ನೀರು, ಬ್ಯಾಕ್ಟೀರಿಯಾ ನೆಲೆಯೂರಲು ಸೆರಾಮಿಕ್ ಬಂಡೆ ಇಷ್ಟರಿಂದ ಕಡಲಿನ ಯಾವ ದಿಬ್ಬವನ್ನೂ ಮುಟ್ಟದೆ ಉಪ್ಪುನೀರಿನ ತೊಟ್ಟಿ ನಡೆಸಬಹುದು. ಅದಕ್ಕೆ ಬೇಕಾದ ತಿಳಿವಳಿಕೆಯೆಲ್ಲ ಈಗ ಲಭ್ಯವಿರುವುದರಿಂದ, ದಿಬ್ಬದಿಂದ ಕಿತ್ತು ತರುವುದಕ್ಕೆ ಹವ್ಯಾಸದ ಹೆಸರಿನಲ್ಲಿ ಯಾವ ಸಮರ್ಥನೆಯೂ ಉಳಿದಿಲ್ಲ.